ಹಗ್ಗದ ಎರಡನೆಯ ತುದಿ

ಆ ಮುಂಜಾನೆ ಮೋಡ ದಟ್ಟವಾಗಿ ಕವಿದಿತ್ತು; ಕೊಡಲೋ ಬೇಡವೋ ಎಂದು ದೇವರು ಯೋಚಿಸುತ್ತಿದ್ದಂತೆ ಹನಿ ಮಾತ್ರ ಉದುರಿರಲಿಲ್ಲ. ಎರಡು ಮನೆಗಳ ನಡುವಿನ ಬಾವಿಯ ಬಳಿ ನೀಲವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹೋದ ವರ್ಷ ಹಗ್ಗ ಹರಿದು ಬಾವಿಗೆ ಬಿದ್ದ ತನ್ನ ತವರಿನ ತಾಮ್ರದ ಕೊಡವನ್ನು ನೆರೆಯ ಸಾವಂತ್ರವ್ವನೇ ಎತ್ತಿಟ್ಟುಕೊಂಡಳೆಂದು ಅವಳು ಊರಿಗೆಲ್ಲ ಸಾರಿದ್ದಳು. ಸಾವಂತ್ರವ್ವ ದೇವರ ದೀಪ ಮುಟ್ಟಿ ಅಲ್ಲವೆಂದಿದ್ದಳು.

“ನನಗ ಬ್ಯಾರೆ ಗಡಗಡಿ ಹಾಕಪಾ ಮೌಲಾಸಾಬ. ಈ ಕಳ್ಳಿ ಮುಟ್ಟಿದ್ದು ನಾ ಮುಟ್ಟಂಗಿಲ್ಲ” ಎಂದಳು ನೀಲವ್ವ.

“ನನಗೂ ಬ್ಯಾರೇನ ಹಾಕು” ಎಂದಳು ಸಾವಂತ್ರವ್ವ. “ಇಕಿ ನಾಲಿಗಿ ತಾಗಿದರ ಬಾವಿ ನೀರೂ ಕಹಿ ಆಗತೈತಿ.”

ನೀರು ಸೇದುವ ರಾಟೆಯಾದ ಗಡಗಡಿಯನ್ನು ಬಾವಿಕಟ್ಟೆಗೆ ಕೂರಿಸಲು ಬಂದಿದ್ದ ಮೌಲಾಸಾಬ ಡ್ರಿಲ್ ಕೆಳಗಿಟ್ಟ. “ಇವು ತೂತಿನೊಳಗ ಹಿಗ್ಗಿ ಹಿಡಿಯೋ ಬೋಲ್ಟ್, ಯವ್ವಾ. ಕಾಂಕ್ರೀಟ್ ಇರೋದು ಇಷ್ಟ, ಉಳಿದದ್ದೆಲ್ಲ ಸಡಿಲ ಕಲ್ಲು. ಎರಡು ಗಡಗಡಿ ಒತ್ತೊತ್ತಿ ಬಿಗಿದರ ಕಟ್ಟಿ ಸೀಳಿ ಬಾವಿಗೆ ಬೀಳತೈತಿ.”

ತೂತುಗಳ ಪುಡಿ ಊದಿ, ನಟ್ಟನಡುವೆ ಒಂದೇ ಗಡಗಡಿ ಬಿಗಿದ. “ಹಗ್ಗಕ್ಕ ಎರಡು ತುದಿ ಅದಾವ. ಆ ಕಡಿ ಒಬ್ರು, ಈ ಕಡಿ ಒಬ್ರು ಕೊಡ ಕಟ್ರಿ.”

“ಆಕಿ ಕೊಡ ಮ್ಯಾಲ ಬರಾಕ ನನ್ನ ಕೊಡ ಮುಳಗಬೇಕೇನು?” ಎಂದಳು ನೀಲವ್ವ.

“ನಿಂದು ಬರಾಕ ಆಕೀದೂ ಮುಳಗಬೇಕಲ್ಲ.”

ನೀಲವ್ವ ಹಲ್ಲು ಕಡಿದಳು. “ಕಟ್ಟಾಕ ನನ್ನ ಕೊಡ ಎಲ್ಲೈತಿ? ಆಕೀನ್ನ ಕೇಳು!”

ಸಾವಂತ್ರವ್ವ ಒಳಗೆ ಹೋದಳು. ಹೊರಬಂದು, ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳಿಸುತ್ತಿದ್ದ ಅದೇ ತವರಿನ ತಾಮ್ರದ ಕೊಡವನ್ನು ನೀಲವ್ವನ ಕೈಗಿಟ್ಟಳು.