ಗುಡ್ಡದ ತುದಿಯ ಉಸಿರು

ತೆಲಂಗಾಣದ ಮಕ್ತಲ್ ಕಡೆಯ ಗುಡ್ಡದ ತುದಿಯಲ್ಲಿ, ದೂರದ ಕೃಷ್ಣಾ ನದಿ ಕಾಣುವ ಬಂಡೆಯ ಮೇಲೆ, ಆರು ವರ್ಷದ ಐಶ್ವರ್ಯಳಿಗೆ ಉಸಿರು ಕಟ್ಟಿತು. ತಾಯಿ ಭಾಗ್ಯಜ್ಯೋತಿ ಚೀಲವನ್ನೆಲ್ಲ ಸುರುವಿ ಹುಡುಕಿದಳು. ಉಬ್ಬಸ ಬಂದಾಗ ಬಾಯಿಗಿಡುವ ದಮ್ಮಿನ ಪಂಪು ಕೆಳಗೆ ಕಾರಿನಲ್ಲೇ ಉಳಿದಿತ್ತು. ಕಾಡಿನ ದಾರಿ ಸಲೀಸಾದರೂ ಹೋಗಿ ಬರಲು ಒಂದು ತಾಸು ಬೇಕು. ಮಗುವಿನ ತುಟಿ ಆಗಲೇ ನೀಲಿಗಟ್ಟುತ್ತಿತ್ತು.

“ಯಾರ ಹತ್ರಾರ ದಮ್ಮಿನ ಪಂಪ್ ಐತೇನ್ರೀ?” ಎಂದು ಚೀರಿದಳು. ಫೋಟೊ ತೆಗೆಯುತ್ತಿದ್ದವರ ಮುಂದೆ ತೆಲುಗಿನಲ್ಲೂ ಅಂಗಲಾಚಿದಳು. ಯಾರ ಬಳಿಯೂ ಇರಲಿಲ್ಲ.

ಆಗ ಜೊತೆಗೆ ಬಂದಿದ್ದ ಅತ್ತೆ ಅಮರಮ್ಮ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ, ಒಳಗೆ ಅಡಗಿಸಿಟ್ಟಿದ್ದ ಇನ್ನೊಂದು ಪಂಪನ್ನು ಮೊಮ್ಮಗಳ ಬಾಯಿಗಿಟ್ಟು ಒತ್ತಿದಳು. ಈ ದಮ್ಮು ಸೊಸೆಯ ತವರಿನಿಂದ ಬಂದದ್ದೆಂದು ಇಷ್ಟು ವರ್ಷ ಹಂಗಿಸಿದವಳು ಅವಳೇ. ಮತ್ತೆ ಒತ್ತಿದಾಗ ಮಗು ಉಸಿರೆಳೆದುಕೊಂಡು ಅತ್ತಿತು.

“ನನಗೂ ದಮ್ಮು ಐತವ್ವಾ,” ಎಂದಳು ಅಮರಮ್ಮ, ಸೊಸೆಯ ಮುಖ ನೋಡಲಾಗದೆ. “ಮೊದ್ಲಿಂದಾನೂ ಐತಿ.”