ಹೆಬ್ಬೆಟ್ಟಣ್ಣನ ಬಿಗಿ ಟೈರು

ಟೈರಿಗೆ ನಾನೂರೈವತ್ತು, ಟ್ಯೂಬಿಗೆ ನೂರಿಪ್ಪತ್ತು, ಹಾಕುವ ಕೂಲಿ ನಲವತ್ತು. ಬೆಳಿಗ್ಗೆ ಇಷ್ಟನ್ನೂ ಚೌಕಾಸಿ ಮಾಡದೆ ಕೊಟ್ಟುಹೋಗಿದ್ದ ನರ್ಸಮ್ಮ ಮಧ್ಯಾಹ್ನದ ಹೊತ್ತಿಗೆ ಸೈಕಲ್ ತಳ್ಳಿಕೊಂಡು ರಿಪೇರಿ ಅಂಗಡಿಗೆ ವಾಪಸು ಬಂದಳು. ಹಿಂದಿನ ಚಕ್ರ ನೆಲ ಕಚ್ಚಿತ್ತು.

"ನಿಮ್ಮ ಕೈಯಲ್ಲಿ ಹಾಕಿಸಿದ್ದು ಅರ್ಧ ದಿನಾನೂ ಬರಲಿಲ್ವಲ್ಲ ಅಣ್ಣಾ! ಎರಡು ಗಂಟೆಗೆ ಊರಾಚೆ ಒಬ್ಬರಿಗೆ ಇಂಜೆಕ್ಷನ್ ಕೊಡಬೇಕು."

ಆ ಬೀದಿಯಲ್ಲಿ ಅಂಗಡಿಯವನಿಗೆ ಹೆಬ್ಬೆಟ್ಟಣ್ಣ ಎಂದೇ ಹೆಸರು. ಓದುಬರಹ ಬರುವುದಿಲ್ಲವೆಂದಲ್ಲ, ಎಂಥ ಬಿಗಿ ಟೈರನ್ನೂ ಲಿವರ್ ಎಂಬ ಮೀಟುವ ಕಬ್ಬಿಣದ ಪಟ್ಟಿ ಮುಟ್ಟದೆ ಬರೀ ಹೆಬ್ಬೆರಳಿನಿಂದ ರಿಮ್ಮಿಗೆ ಏರಿಸುತ್ತಾನೆಂದು. ಲಿವರ್ ಹಾಕಿ ಮೀಟಿದರೆ ಒಳಗಿನ ಟ್ಯೂಬು ಸಿಕ್ಕಿಕೊಂಡು ತೂತಾಗುತ್ತದೆ, ಅದು ಕೈಲಾಗದವರ ಕೆಲಸ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವನು. "ಇಲ್ಲಿ ಲಿವರ್ ಬಳಸುವುದಿಲ್ಲ" ಎಂದು ಗೋಡೆಯ ಮೇಲೆ ಬರೆಸಿಯೂ ಇದ್ದ. ಎದುರು ಸಾಲಿನಲ್ಲಿ ಥಳಥಳಿಸುವ ಹೊಸ ಅಂಗಡಿ ಬಂದರೂ ಗಿರಾಕಿಗಳು ಇವನನ್ನು ಬಿಡದಿದ್ದದ್ದು ಆ ಒಂದು ಬರಹದಿಂದ.

ಈಗ ಅಂಗೈಯ ಬುಡದಿಂದ ಒತ್ತಿ ಒತ್ತಿ ಟೈರು ಬಿಚ್ಚುವಷ್ಟರಲ್ಲಿ ಅವನು ಬೆವತುಹೋದ. ಟ್ಯೂಬು ಎಳೆದವನೇ ಮಡಚಿ ಪಕ್ಕಕ್ಕಿಟ್ಟ. "ಮುಳ್ಳು ಚುಚ್ಚಿದೆ ನರ್ಸಮ್ಮ."

ಊಟದ ಡಬ್ಬಿ ತಂದು ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದಳು. ಎರಡು ಸೀಳು. ಅಕ್ಕಪಕ್ಕ, ಒಂದೇ ಅಳತೆ.

"ಮುಳ್ಳಿಗೆ ಎರಡು ಹಲ್ಲೇನ್ರಿ?"

"ಸುಮ್ನಿರೇ."

ಅವಳು ಸುಮ್ಮನಿರಲಿಲ್ಲ. ಪ್ಯಾಚಿನ ಡಬ್ಬಿ ಹುಡುಕಲು ಸಾಮಾನಿನ ಪೆಟ್ಟಿಗೆಗೆ ಕೈ ಹಾಕಿದಳು. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಏನೋ ಕೈಗೆ ಸಿಕ್ಕಿತು. ಬಿಚ್ಚಿದರೆ, ಒಂದು ತಿಂಗಳಿಂದ ಮನೆಯಲ್ಲಿ ಕಾಣೆಯಾಗಿದ್ದ ಬಡಿಸುವ ಚಮಚ. ಹಿಡಿ ಸೊಟ್ಟಗಾಗಿತ್ತು.

"ಅಯ್ಯೋ, ಇದಕ್ಕೋಸ್ಕರ ಪಕ್ಕದ ಮನೆಯವಳ ಹತ್ರ ಮಾತು ಬಿಟ್ಟಿದೀನಲ್ರೀ!"

ಒಂದು ತಿಂಗಳಿಂದ ಹೆಬ್ಬೆಟ್ಟಣ್ಣ ಟೈರು ಮೀಟುತ್ತಿದ್ದದ್ದು ಅದರ ಹಿಡಿಯಿಂದಲೇ. ಅಂಗಡಿಗೆ ಹೋಗಿ ಲಿವರ್ ಕೊಂಡಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಹೆಬ್ಬೆರಳುಗಳ ಬುಡ ಊದಿಕೊಂಡದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸಂಜೆ ಕೈಗೆ ಎಣ್ಣೆ ತಿಕ್ಕಲು ಬರುತ್ತಿದ್ದ ಹೆಂಡತಿಯನ್ನೂ ತಿಂಗಳಿಂದ ಬೇಡವೆಂದು ದೂರ ಇಟ್ಟಿದ್ದ.

ನರ್ಸಮ್ಮ ಅವನ ಕೈ ಹಿಡಿದು ಕೀಲನ್ನು ಮೆಲ್ಲಗೆ ಒತ್ತಿದಳು. ಅವನು ಹಲ್ಲು ಕಚ್ಚಿದ.

"ಈ ಕೈಯಲ್ಲಿ ಅಂಗಿ ಗುಂಡಿ ಹಾಕೋದೂ ಕಷ್ಟ ಅಣ್ಣಾ. ಬಿಡಿ, ಎದುರಿನ ಅಂಗಡಿಗೆ ಹೋಗ್ತೀನಿ."

ತಿಂಗಳಿಂದ ಅವನು ಹೆದರಿಕೊಂಡಿದ್ದದ್ದು ಈ ಮಾತಿಗೇ. ಅಷ್ಟರಲ್ಲಿ ಹೆಂಡತಿ ಬಳೆ ಮೇಲೇರಿಸಿಕೊಂಡು ನೆಲಕ್ಕೆ ಕೂತು ಚಕ್ರವನ್ನು ತೊಡೆಗೆ ಎಳೆದುಕೊಂಡಳು.

"ಒಂದು ನಿಮಿಷ ನಿಲ್ಲಮ್ಮ. ರೀ, ಹೊಸ ಟ್ಯೂಬು ಕೊಡಿ. ಹೇಗೆ ಹಾಕೋದು ಹೇಳಿ."

"ಅದಕ್ಕೆ ಬಲ ಬೇಕು ಕಣೇ."

"ಮೂವತ್ತು ವರ್ಷ ನಿಮ್ಮ ಜೊತೆ ಏಗಿದೀನಿ. ಹೇಳ್ರೀ!"

ಅವನು ಒಮ್ಮೆ ನರ್ಸಮ್ಮನ ಕಡೆ, ಒಮ್ಮೆ ಎದುರು ಸಾಲಿನ ಕಡೆ ನೋಡಿದ. ಆಮೇಲೆ, ಯಾರ ಮುಂದೆಯೂ ಬಾಯಿ ಬಿಡದಿದ್ದ ಗುಟ್ಟನ್ನು ತಗ್ಗಿದ ದನಿಯಲ್ಲಿ ಹೇಳಿದ.

"ಗಾಳಿ ಹಾಕೋ ವಾಲ್ವ್ ಇದೆಯಲ್ಲ, ಅದರ ಎದುರು ತುದಿಯಿಂದ ಶುರು ಮಾಡು. ವಾಲ್ವ್ ಹತ್ರ ಕೊನೆಗೆ ಬಾ. ಇನ್ನು ಬಗ್ಗಲ್ಲ ಅಂತ ಟೈರು ಹಟ ಹಿಡಿದಾಗ ಒತ್ತಬೇಡ. ರಿಮ್ಮಿನ ನಡುವೆ ಗುಳಿ ಇದೆ ನೋಡು, ಟೈರಿನ ಅಂಚನ್ನ ಸುತ್ತಲೂ ಹಿಸುಕಿ ಅದರೊಳಗೆ ಇಳಿಸು. ಆ ಕಡೆ ಸಡಿಲ ಆಗಿದ್ದೆಲ್ಲ ಈ ಕಡೆ ಬರುತ್ತೆ. ಹಾಂ... ಈಗ ಒತ್ತು."

ಪಟ್ಟೆಂದು ಟೈರು ಕೂತಿತು. ಹೆಂಡತಿ ತನ್ನ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಇಷ್ಟೇನಾ? ಇದಕ್ಕಾ ನಾನು ಇಷ್ಟು ವರ್ಷ ದಿನಾ ಸಂಜೆ ನಿಮ್ಮ ಕೈಗೆ ಎಣ್ಣೆ ತಿಕ್ಕಿ ತಿಕ್ಕಿ ಸತ್ತಿದ್ದು?"

ನರ್ಸಮ್ಮನ ಜೊತೆ ಹೆಬ್ಬೆಟ್ಟಣ್ಣನೂ ನಕ್ಕ. ಗಾಳಿ ತುಂಬಿ ಚಕ್ರ ಕೂರಿಸಿದ ಮೇಲೆ ದುಡ್ಡು ಕೊಡಲು ಬಂದ ನರ್ಸಮ್ಮನ ಕೈಯನ್ನು ಹಾಗೇ ಹಿಂದಕ್ಕೆ ಸರಿಸಿದ. "ನಾಳೆ ಕೈ ತೋರಿಸೋಕೆ ಬನ್ನಿ" ಎಂದು ಅವಳು ಸೈಕಲ್ ಏರಿದಾಗ ಎರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಅಂದು ಅಂಗಡಿಗೆ ನಷ್ಟವಾದದ್ದು ಒಂದು ಟ್ಯೂಬು, ಒಂದು ಗುಟ್ಟು. ಗಿರಾಕಿ ಉಳಿದಳು. ಚಮಚ ಮನೆಗೆ ಹೋಯಿತು. ಗೋಡೆಯ ಮೇಲಿನ ಬರಹ ಮತ್ತೆ ನಿಜವಾಯಿತು.