ಚಾರುಮತಿಯ ಅತ್ತೆ

ಧಾರಾವಾಹಿಯ ಸೊಸೆ ಚಾರುಮತಿಗೆ ಮೂವತ್ತು ವರ್ಷಗಳಿಂದ ಇಪ್ಪತ್ನಾಲ್ಕೇ ವಯಸ್ಸು. ಆ ಪಾತ್ರ ಮಾಡಿ ಮನೆಮಾತಾಗಿದ್ದ ಕುಮುದಿನಿಗೆ ಮಾತ್ರ ತಲೆ ನೆರೆತಿತ್ತು. ಅವಳ ಮುಖ, ದನಿ, ಅಭ್ಯಾಸಗಳನ್ನೆಲ್ಲ ಕಲಿತ, ಕಂಪ್ಯೂಟರ್ ಮೂಡಿಸುವ ಬೆಳಕಿನ ಬೊಂಬೆಯೇ ಈಗ ಚಾರುಮತಿಯಾಗಿ ದಿನವೂ ನಟಿಸುತ್ತಿತ್ತು. ಕುಮುದಿನಿ ಎಲ್ಲಿ ಅವಕಾಶ ಕೇಳಿದರೂ, "ನೀವು ಚಾರುಮತಿ ಥರಾನೇ ಕಾಣ್ತೀರಲ್ಲ" ಎಂದು ವಾಪಸ್ಸು ಕಳಿಸುತ್ತಿದ್ದರು.

ಇಂದು ಕೊನೆಗೂ ಒಂದು ಅತ್ತೆಯ ಪಾತ್ರ ಸಿಕ್ಕಿತ್ತು, ಅದೂ ಅದೇ ಚಾರುಮತಿಯ ಅತ್ತೆಯಾಗಿ.

"ಸೊಸೆ ಮುಂದೆ ಕೈಮುಗಿದು ಕ್ಷಮೆ ಕೇಳಿಬಿಡಿ ಮೇಡಂ, ಬೇಗ ಮುಗಿಸೋಣ," ಎಂದ ನಿರ್ದೇಶಕ ಮಂಜೇಶ.

ಕುಮುದಿನಿ ತನ್ನದೇ ಆ ಎಳೆಯ ಮುಖವನ್ನು ನೋಡಿದಳು. ಆಮೇಲೆ ಕೈಮುಗಿದು, "ತಪ್ಪಾಯ್ತು ಕಣಮ್ಮ," ಎಂದಳು. ಇಷ್ಟು ವರ್ಷ ಮನೆಯಲ್ಲಿ ಕೂತು ನುಂಗಿಕೊಂಡದ್ದೆಲ್ಲ ಆ ಮಾತಿನಲ್ಲಿತ್ತು. ಲೈಟ್ ಹಿಡಿದವನೂ ಕಣ್ಣೊರೆಸಿಕೊಂಡ.

ಬೊಂಬೆ ತನ್ನ ಡೈಲಾಗ್ ಹೇಳಲಿಲ್ಲ. ಹಿಂದೆ ಹಿರಿಯ ಕಲಾವಿದರ ಅಭಿನಯ ಮನಸ್ಸಿಗೆ ತಟ್ಟಿದರೆ ಕುಮುದಿನಿ ಸೆಟ್ಟಿನಲ್ಲೇ ಅವರ ಕಾಲಿಗೆ ಬೀಳುತ್ತಿದ್ದಳು. ಬೊಂಬೆ ಅದನ್ನೂ ಕಲಿತಿತ್ತು, ಆದರೆ ಈವರೆಗೆ ಯಾರಿಗೂ ಬಾಗಿರಲಿಲ್ಲ. ಈಗ ಚಾರುಮತಿ ಸೆರಗು ಹೊದ್ದು ಬಗ್ಗಿದಳು. ಕುಮುದಿನಿಯ ಪಾದಗಳ ಮೇಲೆ ಬೆಳಕು ಬಿತ್ತು.

ಸೆಟ್ಟಿನ ತುಂಬ ಶಿಳ್ಳೆ, ಚಪ್ಪಾಳೆ. "ಕಟ್! ಕಟ್!" ಎಂದು ಮಂಜೇಶ ಕೂಗಿಕೊಂಡ.

"ಕಟ್ ಯಾಕಪ್ಪಾ?" ಕುಮುದಿನಿ ನಕ್ಕಳು. "ನಂದು ಈಗ ತಾನೇ ಶುರುವಾಯ್ತು."